ತಿಪ್ಪಣ್ಣನ ಹೆಸರಿನಲ್ಲಿ ಮುಟ್ಟಿದ ಭಂಡಾರ

ಬೇರೊಬ್ಬನ ಹೆಸರಿನಲ್ಲಿ ನಾನು ಭಂಡಾರ ಮುಟ್ಟಿ ಆಣೆ ಮಾಡಿದೆ. ಆ ಆಣೆಯಿಂದ ಒಬ್ಬ ಮನುಷ್ಯ ಸತ್ತ. ಸತ್ತ ಮೇಲೂ ಅವನ ತಲೆಯ ಮೇಲೆ ಒಂದು ಅಪವಾದ ಉಳಿಯಿತು — ಅದು ನನ್ನದು, ಅವನದಲ್ಲ. ಮೂವತ್ತು ವರ್ಷಕ್ಕೂ ಮೇಲಾಯಿತು, ಯಾರಿಗೂ ಹೇಳಿಲ್ಲ. ಹೆಂಡತಿಗೆ ಹೇಳಲಿಲ್ಲ, ಅವಳು ಹೋದ ಮೇಲೆ ಅವಳ ಫೋಟೋದ ಮುಂದೆ ನಿಂತೂ ಹೇಳಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬಾಗಲಕೋಟೆ ಕಡೆಯವನು, ಕೇಂದ್ರ ಸರ್ಕಾರದ ನೌಕರ. ವರ್ಗವಾಗಿ ನಾಸಿಕ್‌ಗೆ ಬಂದು ಎರಡು ವರ್ಷವಾಗಿತ್ತು. ಮಳೆ ಅಳೆಯುವ, ಬಿಸಿಲು ಅಳೆಯುವ ಉಪಕರಣಗಳು ಸರಿಯಾಗಿವೆಯೇ ಎಂದು ಊರೂರು ತಿರುಗಿ ನೋಡುವುದು ನನ್ನ ಕೆಲಸ. ಸುಳ್ಳು ತೋರಿಸುವ ಉಪಕರಣ ಕಂಡರೆ ಅಲ್ಲೇ ಅದಕ್ಕೊಂದು ಕೆಂಪು ಚೀಟಿ ಅಂಟಿಸಿ ಬರುತ್ತಿದ್ದೆ. ಎಂಥ ನಿಷ್ಠಾವಂತ, ನೋಡಿ!

ಒಂದು ವಿಷಯ ಮೊದಲೇ ಹೇಳಬೇಕು. ನನ್ನ ಮೂಗಿನ ಬಲ ಹೊಳ್ಳೆಯ ಮೇಲೆ ಮುಚ್ಚಿಹೋದ ಒಂದು ತೂತಿನ ಗುರುತಿದೆ. ನನಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲ. ನಾನು ಹುಟ್ಟಿದಾಗ ಅಜ್ಜಿ, ನಮ್ಮ ಕಡೆಯ ಪದ್ಧತಿಯಂತೆ, ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ತಿಪ್ಪಣ್ಣ ಎಂದು ಕರೆದಳು. ಸಾವು ಬಂದರೂ, ಇದು ಯಾರಿಗೂ ಬೇಡವಾದ ಕೂಸು ಎಂದು ಮೋಸಹೋಗಿ ಹಾಗೇ ತಿರುಗಿ ಹೋಗಲಿ ಎಂದು. ಶಾಲೆಯಲ್ಲಿ ವಸಂತ ಎಂದು ಬರೆಸಿದರು. ಕೊನೆಕೊನೆಗೆ ತಿಪ್ಪಣ್ಣ ಎನ್ನುವವಳು ತಾಯಿ ಒಬ್ಬಳೇ ಉಳಿದಿದ್ದಳು. ಆ ವರ್ಷ ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಅವಳೂ ತೀರಿಕೊಂಡಳು. ನಾನು ಊರಿಗೆ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿಬಿಟ್ಟಿತ್ತು.

ಅದಾಗಿ ಮೂರು ತಿಂಗಳಿಗೆ ಕೆಲಸದ ಮೇಲೆ ಔರಂಗಾಬಾದ್‌ಗೆ ಹೋದೆ. ಈಗ ಅದು ಛತ್ರಪತಿ ಸಂಭಾಜಿನಗರ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ನಾಸಿಕ್ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಿಸಿಲಿಗೆ ಬಸ್ ಸ್ಟ್ಯಾಂಡೇ ಬಾಯಿ ಕಟ್ಟಿಕೊಂಡು ಕೂತಂತಿತ್ತು. ಮಲಗಿದ ನಾಯಿ ಕೂಡ ಬಾಲ ಅಲ್ಲಾಡಿಸುತ್ತಿರಲಿಲ್ಲ. ಆಗ ಹಿಂದಿನಿಂದ ಯಾರೋ ಕೂಗಿದರು.

"ಏ ತಿಪ್ಪಣ್ಣಾ!"

ತಿರುಗಿದೆ. ಹೇಗೆ ತಿರುಗದೆ ಇರಲಿ?

ನನ್ನ ವಯಸ್ಸಿನವನೇ. ತಲೆಗೆ ಟವೆಲು, ಮೊಣಕೈವರೆಗೆ ಒಣಗಿದ ಸಿಮೆಂಟು. ಓಡಿ ಬಂದವನೇ ನನ್ನ ಎರಡೂ ಭುಜ ಹಿಡಿದ. ಮುಖವನ್ನೇ ನೋಡಿದ. ಆಮೇಲೆ ಒಂದು ಬೆರಳಿನಿಂದ ನನ್ನ ಮೂಗಿನ ಗುರುತು ಮುಟ್ಟಿ ನಕ್ಕ.

"ಪ್ಯಾಂಟ ಹಾಕ್ಕೊಂಡ್ರ ಗುರ್ತ ಸಿಗೂದಿಲ್ಲಂತ ತಿಳ್ದೀ ಏನಲೇ? ಈ ಮೂಗ ಎಲ್ಲಿ ಮುಚ್ಚಿಡ್ತಿ? ನಾ ಮಲ್ಲ್ಯಾ. ಮರ್ತೀಯೇನ? ಎಂಟ ವರ್ಷ ಆತಲ್ಲೋ ನಿನ್ನ ಮಾರಿ ನೋಡಿ!"

ಆಗಲೇ ಹೇಳಬಹುದಿತ್ತು. ನಾನು ಅವನಲ್ಲ ಎಂದರೆ ಮುಗಿಯಿತು — ಅವನು ನಾಚಿಕೊಳ್ಳುತ್ತಿದ್ದ, ಇಬ್ಬರೂ ನಗುತ್ತಿದ್ದೆವು. ಆದರೆ ಆ ಹೆಸರು… ತಾಯಿ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಭೂಮಿಯ ಮೇಲೆ ಯಾರೂ ಇಲ್ಲ ಎಂದುಕೊಂಡಿದ್ದೆ. ಇನ್ನೊಂದು ಸಲ ಕರೆಯಲಿ ಎನ್ನಿಸಿತು. ಇಷ್ಟೇ ಆಸೆ. ಕೂಸಿನಂಥ ಆಸೆ, ಅದರಿಂದ ಆದದ್ದು ಕೊಲೆ.

ಮಲ್ಲಪ್ಪ ನನ್ನನ್ನು ಸ್ಟ್ಯಾಂಡಿನ ಮೂಲೆಯ ಬೇವಿನ ಗಿಡದ ಕೆಳಗೆ ಕರೆದೊಯ್ದು ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ. ತಾನು ಇಲ್ಲಿ ಗಾರೆ ಕೆಲಸ ಮಾಡುತ್ತೇನೆಂದ. ಮಾತಿನ ನಡುವೆ ತನ್ನ ಮತ್ತು ಆ ತಿಪ್ಪಣ್ಣನ ಊರಿನ ಹೆಸರು ಆಡಿದ. ನನ್ನ ಊರಿಗಿಂತ ಬಹಳ ದೂರವೇನಲ್ಲ. ಹಳೆಯ ಮಾತು ತೆಗೆದ. ಇಬ್ಬರೂ ಹೊಳೆ ಈಜಿ ಆಚೆ ದಂಡೆಯ ಸೌತೆಕಾಯಿ ಕದ್ದದ್ದು, ನಾನು ಮಠದ ಗೋಡೆಯಿಂದ ಬಿದ್ದದ್ದು. ನಿಮಗೆ ಹೇಳುತ್ತೇನೆ, ಅವನು ಹೇಳುತ್ತ ಹೋದಂತೆ ನನಗೆ ನೆನಪಾಗತೊಡಗಿತು. ಕಾಲಕೆಳಗಿನ ಹೊಳೆಯ ಉಸುಕು ನೆನಪಾಯಿತು. ನನಗೆ ಈಜು ಬರುವುದಿಲ್ಲ. ಆ ಮಠವನ್ನು ನಾನು ಕಂಡವನೇ ಅಲ್ಲ. ಆದರೂ ಮೊಣಕಾಲು ನೊಂದಿತು — ಕೈ ಹಾಕಿ ಒತ್ತಿಕೊಂಡೆ. "ಅದ ಕಾಲ ಅಲ್ಲೇನ?" ಎಂದ ಮಲ್ಲಪ್ಪ. ಆದರೂ ನಾನು ಎದ್ದು ಹೋಗಲಿಲ್ಲ.

ಆಮೇಲೆ ಅವನು ದನಿ ಇಳಿಸಿದ.

"ಕೇಳಿಲ್ಲೆ. ಆ ಅಣ್ಣ-ತಮ್ಮ ಇಬ್ರೂ ಜೇಲಿನಿಂದ ಬಿಟ್ಟು ಬಂದಾರ. ನೀ ಕೋರ್ಟಿನ್ಯಾಗ ಸಾಕ್ಷಿ ಹೇಳಿದ್ದು ಮರ್ತಿಲ್ಲ ಅವರು. ನೀ ಸಿನ್ನರದಾಗ ಫ್ಯಾಕ್ಟರಿ ಭಟ್ಟಿ ಕೆಲಸಕ್ಕ ಇರೂದು ಅವರಿಗೆ ಗೊತ್ತಾಗೇತಿ. ಈ ವಾರದಾಗ ಬರ್ತಾರ. ಹೆಂಡ್ತೀನ್ನ ಕರ್ಕೊಂಡು ಮೊದ್ಲ ಅಲ್ಲಿಂದ ಕಾಲ ತಗಿ."

ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯ ಮೇಲೆ ಇಟ್ಟೆ.

"ನಾಳೆ ಐತವಾರ, ಸುಟ್ಟಿ. ನಾನ ಸಿನ್ನರಕ್ಕ ಬರಾವ ಇದ್ದೆ. ಬಸ್ಸಿನ ಟೈಮ್ ಕೇಳಾಕ ಬಂದ್ರ, ದೇವರು ನಿನ್ನ ಇಲ್ಲೇ ತಂದು ನಿಲ್ಲಿಸ್ಯಾನ, ನೋಡು."

ಈಗಲಾದರೂ ಹೇಳಬೇಕಿತ್ತು. ಆದರೆ ಇಷ್ಟೆಲ್ಲ ಕೇಳಿಸಿಕೊಂಡು, ಅವನ ರೊಟ್ಟಿ ತಿಂದು, ನಾನು ಬೇರೆಯವನು ಎಂದು ಹೇಗೆ ಹೇಳುವುದು? ಜೀವದ ಗುಟ್ಟೊಂದನ್ನು ದಾರಿಹೋಕನ ಕೈಗೆ ಕೊಟ್ಟೆನೆಂದು ತಿಳಿದರೆ ಅವನು ನನ್ನನ್ನು ಸುಮ್ಮನೆ ಬಿಟ್ಟಾನೇ? ಹೆದರಿಕೆಯೋ ನಾಚಿಕೆಯೋ — ಎರಡೂ. ತಲೆಯಲ್ಲಿ ಒಂದು ಉಪಾಯವೂ ಹೊಳೆಯಿತು: ಸಿನ್ನರ್ ನಾಸಿಕ್‌ಗೆ ಒಂದು ತಾಸಿನ ದಾರಿ, ನಾನೇ ಹೋಗಿ ತಿಳಿಸಿದರಾಯಿತು. ತಪ್ಪು ಮಾಡುವವನಿಗೆ ಉಪಾಯಕ್ಕೇನು ಬರ!

ಮಲ್ಲಪ್ಪ ಸೊಂಟದ ಚೀಲದಿಂದ ಒಂದು ಪೊಟ್ಟಣ ತೆಗೆದ. ಭಂಡಾರ — ದೇವರ ಗುಡಿಯ ಅರಿಶಿನದ ಪುಡಿ. "ಮುಟ್ಟು. ನಾಳೆ ಮುಂಜಾನೆ ಸಿನ್ನರ ಬಿಡ್ತೀನಿ ಅನ್ನು."

ಬೆರಳಿಟ್ಟೆ. "ಬಿಡ್ತೀನಿ, ಮಲ್ಲಣ್ಣ."

ಅವನು ಅದನ್ನೇ ನನ್ನ ಹಣೆಗೆ ಹಚ್ಚಿದ. "ಆತು. ಇನ್ನ ನಾ ಕೇಳಂಗಿಲ್ಲ."

ಈ ಮಾತಿನ ತೂಕ ನಮ್ಮ ಕಡೆಯವರಿಗೆ ಗೊತ್ತು. ಭಂಡಾರ ಮುಟ್ಟಿಸಿ ಮಾತು ತೆಗೆದುಕೊಂಡ ಮೇಲೆ ಮತ್ತೆ ಹೋಗಿ ವಿಚಾರಿಸುವುದು ದೇವರನ್ನೇ ಅನುಮಾನಿಸಿದಂತೆ. ಇನ್ನು ಮಲ್ಲಪ್ಪ ಸಿನ್ನರ್‌ಗೆ ಹೋಗುವುದಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸುವುದಿಲ್ಲ. ಮಾತು ಮುಟ್ಟಿತೆಂದು ಅವನು ಆ ದಿನ ನೆಮ್ಮದಿಯಾಗಿ ಮಲಗಿರುತ್ತಾನೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಬೆರಳಿಟ್ಟೆ.

ಬಸ್ಸು ಯೇವಲಾದಲ್ಲಿ ನಿಂತಾಗ ನೀರು ಕುಡಿಯಲು ಇಳಿದೆ. ಸಿನ್ನರ್ ಕಡೆಗೆ ಹೋಗುವವರು ಅಲ್ಲಿ ಇಳಿದು ಬೇರೆ ಗಾಡಿ ಹಿಡಿಯಬಹುದಿತ್ತು. ನಾನೂ ಅದನ್ನೇ ಯೋಚಿಸುತ್ತ ನಲ್ಲಿಯ ಹತ್ತಿರ ನಿಂತಿದ್ದೆ. ಎದುರಿಗೆ ಧೋತರ ಉಟ್ಟ ಇಬ್ಬರು ನಿಂತು ನನ್ನ ಮೂಗನ್ನೇ ನೋಡುತ್ತಿದ್ದರು. ಸುಮ್ಮನೆ ಹೇಳುತ್ತಿಲ್ಲ, ಮೂಗನ್ನೇ. ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ ಕನ್ನಡದಲ್ಲಿ, "ಇವನ ಅಲ್ಲೇನ?" ಎಂದ. ಆಮೇಲೆ ಹತ್ತಿರ ಬಂದು ನನ್ನನ್ನು ಕೇಳಿದ: "ಯಾವೂರು ನಿಮ್ದು?"

"ಕಾಯ್?" ಎಂದೆ — ಏನು ಎಂದು, ಮರಾಠಿಯಲ್ಲಿ. ಕನ್ನಡದ ಗಂಧವೇ ಇಲ್ಲದವನಂತೆ.

ಅವನು ನನ್ನ ಬೂಟು ನೋಡಿದ, ಜೇಬಿನ ಪೆನ್ನು ನೋಡಿದ, ಹಣೆಯ ಭಂಡಾರ ನೋಡಿದ. ಬಸ್ಸಿನವನು ಹಾರ್ನ್ ಹೊಡೆದ. ಓಡಿ ಹತ್ತಿ ಕೂತೆ. ಹಣೆಯನ್ನು ಕರವಸ್ತ್ರದಿಂದ ಚರ್ಮ ಕೆಂಪಾಗುವವರೆಗೆ ಉಜ್ಜಿದೆ. ಆ ಇಬ್ಬರು ಆ ಅಣ್ಣ-ತಮ್ಮಂದಿರೇ ಎಂದು ಆಣೆ ಮಾಡಿ ಹೇಳಲಾರೆ — ಆಣೆಯ ಮಾತು ನನ್ನ ಬಾಯಲ್ಲಿ ಬರಲೂಬಾರದು. ಯೇವಲಾ ಸೀರೆಗೆ ಹೆಸರಾದ ಊರು, ಯಾರೋ ಸೀರೆ ವ್ಯಾಪಾರಕ್ಕೆ ಬಂದವರೂ ಇದ್ದಿರಬಹುದು. ಆದರೆ ಅವರು ಅವರೇ ಎಂದು ನಾನು ನಂಬಿದೆ. ನಂಬಿದ ಮೇಲೂ ನಾಸಿಕ್‌ಗೇ ಹೋದೆ.

ಒಂಬತ್ತು ದಿನ ಸುಮ್ಮನಿದ್ದೆ. ಸಿನ್ನರ್‌ಗೆ ಹೋದರೆ ಈ ಮುಖ ಹೊತ್ತ ನನ್ನನ್ನೇ ಕಡಿದಾರು ಎಂಬ ಭಯ. ಪೊಲೀಸರ ಬಳಿ ಹೋದರೆ, ನೀನು ಯಾರು, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ದಿಂಡೋರಿಯಲ್ಲಿ ಮಳೆಮಾಪಕ ನೋಡುವುದಿದೆ ಎಂದು ಎರಡು ದಿನ ಕಳೆದೆ — ಬೇಸಿಗೆಯಲ್ಲಿ ಮಳೆಮಾಪಕ! ಪ್ರತಿ ಮುಂಜಾನೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಆ ಗುರುತು ಕಾಣುತ್ತಿತ್ತು. ಸಾವನ್ನು ಮೋಸಗೊಳಿಸಲೆಂದು ಅಜ್ಜಿ ಮಾಡಿಸಿದ್ದು. ಸಾವು ನನ್ನನ್ನು ನೋಡಿ ಹೋಗಿದೆ, ಈಗ ಇದೇ ಗುರುತಿನ ಇನ್ನೊಬ್ಬನ ಬಾಗಿಲಿಗೆ ನಡೆಯುತ್ತಿದೆ ಎನ್ನಿಸುತ್ತಿತ್ತು. ಎನ್ನಿಸಿದರೂ ಮುಖ ತೊಳೆದು ಆಫೀಸಿಗೆ ಹೋಗುತ್ತಿದ್ದೆ.

ಹತ್ತನೆಯ ದಿನ ಹೋದೆ. ಕಾರ್ಖಾನೆಗಳ ಸಾಲಿನ ಹಿಂದೆ ಕೂಲಿಯವರ ಮನೆಗಳಿದ್ದವು. ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತಿದ್ದವು. ನಡುಮಧ್ಯಾಹ್ನದಲ್ಲಿ ನನ್ನ ಚಪ್ಪಲಿಯ ಸಪ್ಪಳ ನನಗೇ ಕೇಳುತ್ತಿತ್ತು. ಓಣಿಯ ತುದಿಯ ಚಹಾದಂಗಡಿಯವನು ನನ್ನನ್ನು ನೋಡಿ ಕೆಟಲಿ ಕೆಳಗಿಟ್ಟ. ಆಮೇಲೆ ಮರಾಠಿಯಲ್ಲಿ, "ನೀವು ತಿಪ್ಪಣ್ಣನ ಅಣ್ಣನೇನು?" ಎಂದು ಕೇಳಿದ. ಮೂರು ದಿನದ ಹಿಂದೆ, ಭಟ್ಟಿಯಿಂದ ಮನೆಗೆ ಬರುವ ದಾರಿಯಲ್ಲಿ, ಹಾಡಹಗಲೇ ಇಬ್ಬರು ಬಂದು ಕಡಿದು ಹೋದರು ಎಂದ. ಮನೆ ತೋರಿಸಿದ.

ಅಲ್ಲಿಂದಲೇ ತಿರುಗಬಹುದಿತ್ತು. ಕಾಲುಗಳು ತಾವಾಗಿ ಆ ಬಾಗಿಲಿಗೆ ಹೋದವು; ದಾರಿ ಗೊತ್ತಿದ್ದಂತೆ ಹೋದವು.

ಒಳಗೆ ಕತ್ತಲಲ್ಲಿ ಒಬ್ಬಳು ಹೆಣ್ಣುಮಗಳು ಗೋಡೆಗೆ ಒರಗಿ ಕೂತಿದ್ದಳು. ಬರಿ ಹಣೆ, ಬರಿ ಕೈ. ಮಡಿಲಲ್ಲಿ ಮಲಗಿದ ಹೆಣ್ಣುಕೂಸು. ಬಾಗಿಲಲ್ಲಿ ಬೆಳಕಿಗೆ ಅಡ್ಡವಾಗಿ ನಿಂತ ನನ್ನನ್ನು ತಲೆಯೆತ್ತಿ ನೋಡಿದಳು. ಚೀರಲಿಲ್ಲ. ಅವಳು ಚೀರಿದ್ದರೆ ಎಷ್ಟೋ ಚೆನ್ನಾಗಿತ್ತು. ದಿನಾ ಹೊತ್ತಿಗೆ ಸರಿಯಾಗಿ ಮನೆಗೆ ಬರುವವನು ಆ ಹೊತ್ತು ತಡವಾಗಿ ಬಂದಂತೆ, ಸೆರಗು ಸರಿ ಮಾಡಿಕೊಂಡು, ಮೆಲ್ಲಗೆ ಕೇಳಿದಳು:

"ಬಂದ್ರಿ? … ಮಲ್ಲಣ್ಣ ಹೇಳಿದ್ದು ನನ್ನ ಮುಂದ ಯಾಕ ಹೇಳಲಿಲ್ರಿ? ಭಂಡಾರ ಮುಟ್ಟಿ ಮಾತು ಕೊಟ್ಟಿದ್ರಂತ. ಒಂದ ಮಾತು ನನ್ನ ಮುಂದ ಅಂದಿದ್ರ, ಹೋಗಿಬಿಡ್ತಿದ್ವೆಲ್ರಿ."

ನಾನು ಏನು ಹೇಳಿದೆ ಗೊತ್ತೇ? ಬೇವಿನ ಗಿಡದ ಕೆಳಗೆ ಹೇಳಬೇಕಾಗಿದ್ದ ಮಾತನ್ನು ಅಲ್ಲಿ ಹೇಳಿದೆ, ಅದೂ ಅವಳದಲ್ಲದ ಭಾಷೆಯಲ್ಲಿ.

"ಮೀ ತೊ ನಾಹೀ." ನಾನು ಅವನಲ್ಲ.

ಹೇಳಿ ಓಡಿದೆ.

ಅವಳ ಆ ಒಂದು ಪ್ರಶ್ನೆಯಿಂದಲೇ ಉಳಿದದ್ದೆಲ್ಲ ನನಗೆ ತಿಳಿಯಿತು. ಸುದ್ದಿ ಕೇಳಿ ಮಲ್ಲಪ್ಪ ಮಣ್ಣಿಗೆ ಬಂದಿದ್ದಾನೆ. ತಾನು ಮೊದಲೇ ಹೇಳಿದ್ದೆ, ತಿಪ್ಪಣ್ಣ ಭಂಡಾರ ಮುಟ್ಟಿದ್ದ, ಮಾತು ತಪ್ಪಿದ ಎಂದು ಅತ್ತಿದ್ದಾನೆ. ಅವನ ಮಾತನ್ನು ಯಾರು ಅನುಮಾನಿಸುತ್ತಾರೆ? ಅವನು ಹೇಳಿದ್ದು ಸುಳ್ಳೂ ಅಲ್ಲ. ಭಂಡಾರಕ್ಕೆ ತಪ್ಪಿದವನ ಹೆಸರು ನಮ್ಮ ಕಡೆ ಹೇಗೆ ಉಳಿಯುತ್ತದೆ ಎಂಬುದನ್ನು ನಾನು ಬಲ್ಲೆ. ಸತ್ತವನ ಮಗಳಿಗೆ ಸಂಬಂಧ ನೋಡುವಾಗಲೂ ಯಾರೋ ಅದನ್ನು ಪಿಸುಗುಟ್ಟಿರುತ್ತಾರೆ. ಹೆಂಡತಿಯೋ, ಗಂಡ ತನ್ನನ್ನು ನಂಬಲಿಲ್ಲ, ಸಾಯುವ ವಿಷಯವನ್ನೂ ಮುಚ್ಚಿಟ್ಟ ಎಂದುಕೊಂಡೇ ಮುದುಕಿಯಾಗಿರುತ್ತಾಳೆ. ನಾನು ಕೊಂದದ್ದು ಒಂದು ಸಲ. ಹೆಸರು ಕೆಡಿಸಿದ್ದು ದಿನಾ.

ಆಮೇಲೆ ನನ್ನ ಬದುಕು ಚೆನ್ನಾಗಿಯೇ ನಡೆಯಿತು. ಅದನ್ನೂ ಹೇಳಬೇಕು. ಬಡ್ತಿ ಸಿಕ್ಕಿತು, ನಾಸಿಕ್‌ನಲ್ಲೇ ಮನೆಯಾಯಿತು, ಮೊಮ್ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಯಾವ ದೇವರೂ ನನ್ನನ್ನು ಶಿಕ್ಷಿಸಲಿಲ್ಲ. ನನಗೆ ಹೆಚ್ಚು ಹೆದರಿಕೆ ತರುವುದು ಅದೇ.

ಮಲ್ಲಪ್ಪ ಅಂದು ಆಡಿದ ಅವರ ಊರಿನ ಹೆಸರು ನನಗೆ ನೆನಪಿದೆ. ಬರುವ ಸೋಮವಾರಕ್ಕೆ ರೈಲಿನ ಟಿಕೆಟ್ ತೆಗೆಸಿದ್ದೇನೆ. ಅಲ್ಲಿ ಮಲ್ಲಪ್ಪ ಇದ್ದರೆ ಅವನು ಹೊಡೆಯಲಿ, ಪೊಲೀಸರನ್ನು ಕರೆಯಲಿ. ತಿಪ್ಪಣ್ಣನ ಹೆಂಡತಿ ಇಲ್ಲದಿದ್ದರೆ ಮಗಳನ್ನು ಹುಡುಕುತ್ತೇನೆ. ಅವಳೇ ಇದ್ದರೆ, ಬೆಳಕಿಗೆ ಅಡ್ಡವಾಗಿ ಬಾಗಿಲಲ್ಲಿ ನಿಲ್ಲುವುದಿಲ್ಲ. ಅಂಗಳದಲ್ಲಿ ನಿಂತು ನನ್ನ ಪೂರ್ತಿ ಹೆಸರು ಹೇಳುತ್ತೇನೆ. ಆಮೇಲೆ ಕನ್ನಡದಲ್ಲೇ ಹೇಳುತ್ತೇನೆ: ತಾಯಿ, ನಿಮ್ಮ ಮನೆಯವರು ನಿಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮಲ್ಲಣ್ಣ ಹೇಳಿದ್ದು ನನಗೆ. ಅವರಿಗೆ ಯಾರೂ ಹೇಳಿರಲಿಲ್ಲ.