ಲ್ವಾರ್ ಕಣಿವೆಯ ಬಿಳಿ ವೈನು ಕಲಿಸಿದವರು

ಅವರ ಕೈಗಳು ಮೇ ತಿಂಗಳಲ್ಲೂ ತಣ್ಣಗಿರುತ್ತಿದ್ದವು. ಬಸ್ಸಿನ ಕಂಬಿ ಹಿಡಿದರೆ ಅಂಗೈ ಸುಡುವಂಥ ಬಿಸಿಲಿನಲ್ಲಿ ನಾನು ಸಿಕಂದರಾಬಾದಿನ ಆ ಹೋಟೆಲಿಗೆ ಮೊದಲ ದಿನ ಕೆಲಸಕ್ಕೆ ಹೋದಾಗ, ನೆಲಮಾಳಿಗೆಯ ವೈನ್ ಕೋಣೆಯಿಂದ ಮೇಲೆ ಬಂದು ಕೈಕುಲುಕಿದರು. ನೀರು ತುಂಬಿದ ಮಡಕೆಯನ್ನು ಮುಟ್ಟಿದಂತಾಯಿತು.

ಹೋಟೆಲಿನಲ್ಲಿ ಎಲ್ಲರೂ ಅವರನ್ನು ಮಾಸ್ತರರೆಂದೇ ಕರೆಯುತ್ತಿದ್ದರು. ಯಾವ ಊಟಕ್ಕೆ ಯಾವ ವೈನು ಎಂದು ಅತಿಥಿಗಳಿಗೆ ಹೇಳುವುದು ಅವರ ಕೆಲಸ, ಅದನ್ನು ಕಲಿಯುವುದು ನನ್ನದು. ರಾಯಚೂರು ಕಡೆಯವರು. ಉಳಿದವರ ಜೊತೆ ತೆಲುಗು, ಹಿಂದಿ. ನಾವಿಬ್ಬರೇ ಇದ್ದಾಗ ಕನ್ನಡ.

ಅವರಿಗೆ ಪ್ರಾಣವೆಂದರೆ ಬಿಳಿ ವೈನು. ಅದರಲ್ಲೂ ಫ್ರಾನ್ಸಿನ ಲ್ವಾರ್ ನದಿಯ ಕಣಿವೆಯಲ್ಲಿರುವ ಒಂದು ತೋಟದ್ದು. ವಯಸ್ಸಿನಲ್ಲಿದ್ದಾಗ ಅಲ್ಲಿ ಒಂದು ಸುಗ್ಗಿ ದ್ರಾಕ್ಷಿ ಕೊಯ್ದು ಬಂದಿದ್ದರು. ಸುಣ್ಣಕಲ್ಲಿನ ಗುಡ್ಡ, ಆ ಕಲ್ಲನ್ನೇ ಕೊರೆದು ಮಾಡಿದ ಗವಿಗಳು, ಗವಿಯೊಳಗೆ ಮಲಗಿಸಿಟ್ಟ ಬಾಟಲಿಗಳು. ಶೆನಿನ್ ಅನ್ನುವ ಒಂದೇ ಜಾತಿಯ ದ್ರಾಕ್ಷಿಯಿಂದ ಅಲ್ಲಿ ಹುಳಿ ವೈನೂ ಆಗುತ್ತದೆ, ಜೇನಿನಂಥ ಸಿಹಿಯೂ ಆಗುತ್ತದೆ ಎಂದು ಹೇಳುವಾಗ ಅವರ ದನಿ ತಾನಾಗಿಯೇ ಇಳಿಯುತ್ತಿತ್ತು.

“ಮೊದಲ ಮಳಿಗೆ ಸುಣ್ಣದ ಗ್ವಾಡಿ ವಾಸನಿ ಬರತೈತಲ್ಲ ತಂಗಿ, ಅದನ್ನ ಹುಡುಕು,” ಎಂದು ಗ್ಲಾಸು ಕೊಡುತ್ತಿದ್ದರು. “ಅದರ ಹಿಂದ ಹಸರು ಸೇಬು, ಆಮ್ಯಾಲ ಸ್ವಲ್ಪ ಜೇನು. ಗಡಬಡ ಮಾಡಬ್ಯಾಡ.” ಇನ್ನೊಂದು ಮಾತನ್ನೂ ಆಗಾಗ ಹೇಳುತ್ತಿದ್ದರು: “ಕೆಂಪು ವೈನು ತನ್ನ ತಪ್ಪು ಮುಚ್ಚಿಕೊಂತೈತಿ. ಬಿಳೀದಕ್ಕ ಅದು ಆಗಂಗಿಲ್ಲ.”

ಬೇರೆ ಪರಿಮಳವಿದ್ದರೆ ವೈನಿನ ವಾಸನೆ ಸಿಗುವುದಿಲ್ಲ ಎಂಬ ಅವರ ಮಾತಿಗೆ ನಾನು ಮಲ್ಲಿಗೆ ಮುಡಿಯುವುದನ್ನು ಬಿಟ್ಟೆ. ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟೆ. ಯಾಕೆಂದು ಕೇಳಿದಾಗಲೇ ನನ್ನ ಕೆಲಸವೇನೆಂದು ಅಪ್ಪನಿಗೆ ಗೊತ್ತಾದದ್ದು. ನಾಂಪಲ್ಲಿಯ ಸರಕಾರಿ ಕಚೇರಿಯಿಂದ ನಿವೃತ್ತರಾದ ಅಪ್ಪ ಎಂದೂ ಹೆಂಡದ ಬಾಟಲಿ ಮುಟ್ಟಿದವರಲ್ಲ. ನಾಳೆಯಿಂದ ಹೋಗಕೂಡದು ಎಂದುಬಿಟ್ಟರು.

ಆ ಭಾನುವಾರ ಮಾಸ್ತರರು ತಾವಾಗಿಯೇ ಮನೆಗೆ ಬಂದರು. ನೆಲದ ಮೇಲೆ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಾಯ್ತುಂಬ ಹೊಗಳುತ್ತ ಉಂಡರು. ಆಮೇಲೆ ಅವ್ವನಿಂದ ನಿಂಬೆ ಶರಬತ್ತು ತರಿಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಬಚ್ಚಲಿಗೆ ಹೋಗಿ ಉಗುಳಿ ಬಂದರು. “ನಿಮ್ಮ ಮಗಳು ಮಾಡೋದು ಇಷ್ಟರಿ. ಕುಡಿಯೂದಿಲ್ಲ, ಉಗಳತಾಳ. ಇದೂ ಒಂದು ವಿದ್ಯಾ.”

ಅವ್ವ ನಗು ತಡೆಯಲಾರದೆ ಒಳಗೆ ಹೋದಳು. ಅಪ್ಪ, “ನಿಮ್ಮನ್ನ ನಂಬಿ ಕಳಸ್ತೀನ್ರಿ,” ಎಂದರು.

“ನನ್ನ ಮಗಳಂಗ ನೋಡಕೊಂತೀನ್ರಿ.”

ಎರಡು ವರ್ಷ ಹಾಗೆಯೇ ನೋಡಿಕೊಂಡರು. ಹಬ್ಬ ಬಂದರೆ ತಮ್ಮ ಮನೆಗೂ ಊಟಕ್ಕೆ ಕರೆಯುತ್ತಿದ್ದರು; ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಕೊನೆಗೆ ವೈನ್ ಕೋಣೆಯ ಚಾಬಿಯನ್ನೂ ನನ್ನ ಕೈಗೆ ಕೊಟ್ಟರು. ಹೆಮ್ಮೆಯಿಂದ ಅದನ್ನು ಅವ್ವನಿಗೆ ತೋರಿಸಿದ್ದೆ.

ಅದಾಗಿ ಒಂದು ತಿಂಗಳಿಗೆ ಲ್ವಾರ್‌ನ ಆ ತೋಟದ ಮನೆಯವರೇ ಒಬ್ಬರು ಹೈದರಾಬಾದಿಗೆ ಬಂದರು. ಅವರ ಗೌರವಾರ್ಥ ಹೋಟೆಲಿನಲ್ಲಿ ಊಟ. ಊಟದ ಜೊತೆ ಅವರದೇ ಬಿಳಿ ವೈನು; ಅದರ ಒಂದು ಪೆಟ್ಟಿಗೆ ನಮ್ಮ ವೈನ್ ಕೋಣೆಯಲ್ಲಿತ್ತು. ಸಂಜೆ ಮಾಸ್ತರರು ಚಾಬಿ ಇಸಿದುಕೊಂಡು ಒಬ್ಬರೇ ಕೆಳಗೆ ಹೋದರು. ಯಾವಾಗಲೂ ಬಾಟಲಿಯನ್ನು ಅತಿಥಿಯ ಎದುರಿಗೇ ತೆರೆಯುತ್ತಿದ್ದವರು ಅಂದು ವೈನನ್ನು ಗಾಜಿನ ಹೂಜಿಗಳಿಗೆ ಸುರಿದುಕೊಂಡು ಬಂದರು. ಗಾಳಿಯಾಡಿದರೆ ರುಚಿ ಅರಳುತ್ತದೆ ಎಂದರು. ಚಾಬಿಯನ್ನು ನನಗೆ ಹಿಂದಕ್ಕೆ ಕೊಟ್ಟರು.

ಬಡಿಸುವ ಮುನ್ನ ರೂಢಿಯಂತೆ ಒಂದು ಗುಟುಕು ರುಚಿ ನೋಡಿದೆ. ಸುಣ್ಣವಿಲ್ಲ, ಜೇನಿಲ್ಲ. ಬರೀ ಪೇರಲ. ನಾವು ದಿನಾ ಬಡಿಸುತ್ತಿದ್ದ, ನಾಸಿಕದ ಅಗ್ಗದ ಶೆನಿನ್ ಅದು.

“ಸರ್, ಇದು ಅದಲ್ರಿ,” ಎಂದೆ ಮೆಲ್ಲಗೆ.

“ನಿನಗ ನೆಗಡಿ ಆಗೇತಿ. ಹಾಕು.”

ನಾನು ನನ್ನ ನಾಲಿಗೆಯನ್ನು ಬಿಟ್ಟು ಅವರ ಮಾತನ್ನು ನಂಬಿದೆ. ಫ್ರಾನ್ಸಿನ ಅತಿಥಿ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ಮತ್ತೆ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಮ್ಯಾನೇಜರರ ಕಿವಿಯಲ್ಲಿ ಏನೋ ಹೇಳಿದರು.

ಊಟ ಮುಗಿದ ಮೇಲೆ ವೈನ್ ಕೋಣೆ ತೆರೆಸಿ ನೋಡಿದರೆ ಆ ತೋಟದ ವೈನು ಒಂದು ಬಾಟಲಿಯೂ ಇರಲಿಲ್ಲ. ಮ್ಯಾನೇಜರರ ಕೋಣೆಯಲ್ಲಿ ಮಾಸ್ತರರು ಹಿಂದಿಯಲ್ಲಿ ಹೇಳಿದರು: “ಚಾಬಿ ಒಂದು ತಿಂಗಳಿಂದ ಇವಳ ಹತ್ತಿರ ಇದೆ. ಹೂಜಿಗೆ ಹಾಕಿದವಳೂ ಇವಳೇ.”

ಅವರ ಎದುರು ನನಗೆ ಕನ್ನಡವೇ ಬಂತು. “ಸರ್, ನೀವ ಹಾಕಿದ್ರಲ್ರಿ. ನಾ ನಿಮಗ ಹೇಳಿದ್ನಲ್ರಿ.”

ಮ್ಯಾನೇಜರರಿಗೆ ಕನ್ನಡ ತಿಳಿಯದು. ಏನಂತೆ ಎಂದು ಅವರನ್ನು ಕೇಳಿದರು.

“ತಪ್ಪಾಯಿತು ಅನ್ನುತ್ತಿದ್ದಾಳೆ,” ಎಂದರು ಮಾಸ್ತರರು, ನನ್ನ ಕಡೆ ನೋಡದೆ.

ಹಿಂದಿ ನನಗೂ ಬರುತ್ತಿತ್ತು. ಆ ಕ್ಷಣ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ. ಕೆಲಸ ಹೋಯಿತು. ಕಳ್ಳಿ ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಊರಿನ ಬೇರೆ ಯಾವ ಹೋಟೆಲೂ ನನ್ನನ್ನು ಕರೆಯಲಿಲ್ಲ. ಅಪ್ಪ ಬೈಯಲಿಲ್ಲ. “ಅಂವ ನಮ್ಮ ಮನ್ಯಾಗ ಉಂಡು ಹೋಗ್ಯಾನ,” ಎಂದಷ್ಟೇ ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಕೆಲವು ತಿಂಗಳಲ್ಲೇ ಮಾಸ್ತರರು ದೊಡ್ಡದೊಂದು ಹೊಸ ಹೋಟೆಲಿಗೆ ಮುಖ್ಯಸ್ಥರಾಗಿ ಹೋದರು. ಅದರ ಮಾಲೀಕರ ಮನೆಗೆ ಆ ಫ್ರೆಂಚ್ ಬಾಟಲಿಗಳ ಪೆಟ್ಟಿಗೆಯನ್ನು ಅವರೇ ಒಯ್ದು ಕೊಟ್ಟದ್ದನ್ನು ಕಂಡ ಹಳೆಯ ಸಹೋದ್ಯೋಗಿಯೊಬ್ಬ ನನಗೆ ಹೇಳಿದ. ಅಲ್ಲಿಯವರೆಗೂ, ಏನೋ ಗಡಿಬಿಡಿಯಲ್ಲಿ ಆದದ್ದಿರಬೇಕು, ಒಂದು ದಿನ ಮನೆಗೆ ಬಂದು ಅಪ್ಪನ ಎದುರು ಹೇಳುತ್ತಾರೆ ಎಂದು ಕಾದಿದ್ದೆ. ಅಂದಿಗೆ ಕಾಯುವುದನ್ನು ಬಿಟ್ಟೆ.

ಈಗ ಅಮೀರ್‌ಪೇಟೆಯ ಒಂದು ತರಬೇತಿ ಸಂಸ್ಥೆಯಲ್ಲಿ ಹೋಟೆಲು ಕೆಲಸಕ್ಕೆ ಹೋಗುವ ಮಕ್ಕಳಿಗೆ ವೈನಿನ ಪಾಠ ಹೇಳುತ್ತೇನೆ. ಒಮ್ಮೆ ಅಲ್ಲಿನ ಮೆಟ್ರೋ ನಿಲ್ದಾಣದಲ್ಲಿ ಅವರು ಎದುರಾದರು. ನನ್ನನ್ನು ಕಂಡರು, ತಿರುಗಿ ಬೇರೆ ಮೆಟ್ಟಿಲು ಇಳಿದು ಹೋದರು.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಹಳೆಯದೇನೂ ತಿಳಿಯದ ಯಾರೋ, ಇವರು ಅವರ ಅಚ್ಚುಮೆಚ್ಚಿನ ಶಿಷ್ಯೆ, ಎರಡು ಮಾತು ಹೇಳಲಿ ಎಂದು ನನ್ನನ್ನು ಎಬ್ಬಿಸಿದರು. “ಲ್ವಾರ್‌ನ ಬಿಳಿ ವೈನನ್ನು ನನಗೆ ಕಲಿಸಿದವರು ಇವರು,” ಎಂದೆ. ಅದಕ್ಕಿಂತ ಮುಂದೆ ಸುಳ್ಳಿಲ್ಲದೆ ಹೇಳುವಂಥದ್ದು ಏನೂ ಹೊಳೆಯದೆ ಕುಳಿತೆ.

ಹೊರಡುವಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ನಿನ್ನ ಸುದ್ದಿ ಭಾಳ ಹೇಳತಿದ್ರವ್ವ. ನಿನ್ನಂಥಾ ನಾಲಿಗಿ ಇನ್ನೊಂದಿಲ್ಲ ಅಂತಿದ್ರು. ಒಮ್ಮಿಂದೊಮ್ಮೆ ಯಾಕ ಬರೂದು ಬಿಟ್ಟಿ?”

ಆಕೆಗೆ ಏನೂ ಗೊತ್ತಿರಲಿಲ್ಲ. ಅತ್ತು ಅತ್ತು ಕಣ್ಣು ಬಾತಿದ್ದವು.

“ಕೆಲಸ ಭಾಳ ಇತ್ರಿ, ಕಾಕು,” ಎಂದೆ.

ಅವರು ಕಲಿಸಿದ್ದರಿಂದಲೇ ಇವತ್ತು ಉಣ್ಣುತ್ತಿದ್ದೇನೆ. ಅದನ್ನು ಎಲ್ಲಿ ಬೇಕಾದರೂ ಹೇಳಬಲ್ಲೆ. ಉಳಿದದ್ದನ್ನು ಆ ತಾಯಿಗೆ ಹೇಳಲು ನನ್ನಿಂದಾಗಲಿಲ್ಲ.