ಶನಿವಾರದ ಕೆಂಪು

ನಮ್ಮ ಅವ್ವನಿಗೂ ಪಕ್ಕದ ಮನೆಯ ಖಾಲಾಗೂ ನಡುವೆ ಇರುವುದು ಒಂದು ಮೋಟು ಗೋಡೆ. ಖಾಲಾ ಎಂದರೆ ಮಳವಳ್ಳಿಯ ನಮ್ಮ ಬೀದಿಯ ಮೆಕ್ಯಾನಿಕ್ ಸಾಬರ ಹೆಂಡತಿ. ನನಗೆ ಸ್ವಂತ ಚಿಕ್ಕಮ್ಮನಿಗಿಂತ ಹೆಚ್ಚು. ಆ ಗೋಡೆಯ ಮೇಲಿಂದ ಬಸ್ಸಾರು ಆಚೆ ಹೋಗುತ್ತದೆ, ಶಾವಿಗೆ ಪಾಯಸ ಈಚೆ ಬರುತ್ತದೆ. ಮಾತ್ರೆಯೂ ಹಾಗೇ ಓಡಾಡುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಹೃದಯದ ಕವಾಟ ಬದಲಿಸಿದ ಮೇಲೆ ಅವ್ವನಿಗೆ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ. ಕೇಳದೆ ಬೇರೇನೂ ನುಂಗಬೇಡಿ ಎಂದು ಮಂಡ್ಯದ ಡಾಕ್ಟರು ಒತ್ತಿ ಹೇಳಿದ್ದರು. ಅವ್ವ ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೇನು, ಕೋಲೆ ಬಸವನೂ ಆಡಿಸುತ್ತದೆ.

ಒಂದು ಶನಿವಾರ ಮಧ್ಯಾಹ್ನ ಅವ್ವ ಬಾಯಿ ಮುಕ್ಕಳಿಸಿ ಮೋರಿಗೆ ಉಗಿದಳು. ಕೆಂಪಗಿತ್ತು. ಎಲೆಯಡಿಕೆ ಬಾಯಿ, ಕೆಂಪಗಿರದೆ ಇನ್ನೇನು ಎಂದುಕೊಂಡವನು ತಟ್ಟನೆ ಎದ್ದೆ. ಶನಿವಾರ ಸಂಜೆ ದೇವರಿಗೆ ದೀಪ ಹಚ್ಚುವವರೆಗೆ ಅವಳು ಎಲೆ ಮುಟ್ಟುವುದಿಲ್ಲ.

“ಅವ್ವಾ, ಎಲಡ್ಕೆ ಹಾಕಂಡಿದ್ದೀಯಾ?”

“ಸನಿವಾರ ಯಾವತ್ಲಾ ಆಕಂಡಿದ್ದೀನಿ?”

ಸೆರಗು ಸರಿಸಿ ನೋಡಿದರೆ ತೋಳಿನ ತುಂಬ ನೇರಳೆ ಹಣ್ಣಿನ ಬಣ್ಣದ ಕಲೆಗಳು. “ಎಲ್ಲೋ ತಗಲ್ಕಂಡಿರ್ಬೇಕು ಬುಡು,” ಎಂದಳು.

ಕಾರು ಹತ್ತಿಸಿದೆ. ಖಾಲಾ ಓಡಿಬಂದು ಅವಳ ಪಕ್ಕ ಕೂತಳು. ಮಂಡ್ಯದಲ್ಲಿ ರಕ್ತ ಪರೀಕ್ಷೆ ನೋಡಿದ ಡಾಕ್ಟರು, “ಬೇರೆ ಯಾವ ಮಾತ್ರೆ ತಗೊಂಡ್ರಿ?” ಎಂದರು.

“ಏನೂ ಇಲ್ಲ ಸಾಮಿ.” ಅವ್ವ ಗೋಡೆ ನೋಡುತ್ತಿದ್ದಳು.

“ಪ್ರಾಣ ಹೋಗ್ತದೆ ಕಣವ್ವ, ಬಾಯ್ಬುಡು!” ಎಂದು ಕಿರುಚಿದೆ. ಬಾಗಿಲಲ್ಲಿದ್ದ ಖಾಲಾ ಗೊಳೋ ಎಂದು ಅತ್ತುಬಿಟ್ಟಳು.

“ನಾನೇ ಕೊಟ್ಟಿದ್ದು ಸಾರ್. ಮಂಡಿನೋವು ಅಂತ ಅಕ್ಕ ಒದ್ದಾಡ್ತಿದ್ರು. ನಂಗೆ ವಾಸಿ ಮಾಡಿದ್ದ ನೋವಿನ ಮಾತ್ರೆ, ದಿನಾ ಕೊಡ್ತಿದ್ದೆ.”

“ಸುಮ್ಕಿರಮ್ಮಿ ನೀನು,” ಎಂದು ಅವ್ವ ಅವಳನ್ನೇ ಗದರಿದಳು.

ಆ ಎರಡು ಮಾತ್ರೆ ಸೇರಿದರೆ ರಕ್ತ ನಿಲ್ಲುವುದೇ ಕಷ್ಟ, ಹೊಟ್ಟೆಯೊಳಗೆ ಸೋರಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಅವ್ವನನ್ನು ಅಲ್ಲೇ ಉಳಿಸಿಕೊಂಡರು. ಪುಣ್ಯಕ್ಕೆ ಬದುಕಿಕೊಂಡಳು.

ಈಗ ಮಂಡಿಗೆ ಖಾಲಾ ಬಿಸಿ ಉಪ್ಪಿನ ಗಂಟು ತರುತ್ತಾಳೆ, ಅದೂ ಡಾಕ್ಟರನ್ನು ಕೇಳಿಯೇ. ಶನಿವಾರ ಬಿಟ್ಟು ಉಳಿದ ದಿನ ಬೆಳಗಾದರೆ ಗೋಡೆಯಾಚೆಯಿಂದ ಅವಳ ಕೂಗು:

“ಅಕ್ಕಾ, ಎಲೆ ಆಮೇಲೆ. ಮೊದ್ಲು ಉಗುದು ತೋರ್ಸಿ!”

ಅವ್ವ ಬೈದುಕೊಂಡೇ ಹೋಗಿ ಉಗಿಯುತ್ತಾಳೆ. ಖಾಲಾ ಬಗ್ಗಿ ನೋಡಿ, “ಬೆಳ್ಳಗದೆ” ಎಂದು ನಿಟ್ಟುಸಿರು ಬಿಟ್ಟು, ಸುಣ್ಣ ಸವರಿ ಕೈಯಲ್ಲೇ ಹಿಡಿದಿದ್ದ ಎಲೆಯನ್ನು ಗೋಡೆ ದಾಟಿಸುತ್ತಾಳೆ.