ಅಮ್ಮ ಕಂಡುಹಿಡಿದ ಮೆತ್ತನೆಯ ಚಪಾತಿ

ಹೆಂಡತಿಗೆ ಸಕ್ಕರೆ ಕಾಯಿಲೆ ಶುರುವಾದ ಮೇಲೆ ರಾತ್ರಿಯ ಚಪಾತಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇವತ್ತು ಪಡೀಲಿನ ನಮ್ಮ ಅಡುಗೆಮನೆಯಲ್ಲಿ ಮೊದಲನೆಯದನ್ನು ಕಾವಲಿಗೆ ಹಾಕಿದ್ದೇ ತಡ, ಕರಟಿದ ಗೋಧಿಯ ವಾಸನೆ ಮೂಗಿಗೆ ಬಡಿದು ಅಮ್ಮ ನೆನಪಾದಳು. ಆ ವಾಸನೆ ನಿಮಗೆ ಗೊತ್ತಿಲ್ಲವೆಂದರೆ ನಿಮ್ಮ ಮನೆಯಲ್ಲಿ ಚಪಾತಿ ಬಲ್ಲವರಿದ್ದಾರೆ, ಸಂತೋಷ.

ನಾನು ಸಣ್ಣವನಿದ್ದಾಗ ನಾವು ಕುದ್ರೋಳಿಯಲ್ಲಿದ್ದೆವು. ಮೂರು ಹೊತ್ತೂ ಕುಚ್ಚಲಕ್ಕಿ ಉಣ್ಣುತ್ತಿದ್ದ ಅಪ್ಪನಿಗೆ ಸಕ್ಕರೆ ಏರಿತು. ರಾತ್ರಿ ಅನ್ನ ಬೇಡ, ಚಪಾತಿ ತಿನ್ನಿ ಎಂದರು ಡಾಕ್ಟರು. ನೀರುದೋಸೆ, ಪುಂಡಿ, ಕಡುಬುಗಳಲ್ಲಿ ಪಳಗಿದ ಅಮ್ಮನ ಕೈಗೆ ಗೋಧಿಹಿಟ್ಟು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಅಪ್ಪ ಚಪಾತಿಯನ್ನು ಊಟದ ಬಟ್ಟಲಿಗೆ ಬಡಿದು ಸದ್ದು ಕೇಳಿಸುತ್ತಿದ್ದರು.

“ಇದನ್ನು ಮನೆ ಮಾಡಿಗೆ ಹಂಚಿನ ಹಾಗೆ ಹೊದೆಸಿದ್ರೆ ಒಂದು ಮಳೆಗಾಲ ಕಳೀತದೆ ಮಾರಾಯ್ತಿ. ನಾಳೆಯಿಂದ ನನಗೆ ಗಂಜಿಯೇ ಸಾಕು.”

ಮತ್ತೆ ಗಂಜಿ ಶುರುವಾದರೆ ಗಂಡನ ಪ್ರಾಣ ಹೋದಂತೆಯೇ ಎಂದು ಅಮ್ಮನಿಗೆ ಭಯ. ಏನು ಮಾಡಿದಳೋ, ಮರುದಿನದ ಚಪಾತಿ ಹತ್ತಿಯಷ್ಟು ಮೆತ್ತಗಿತ್ತು. ಅಪ್ಪ ಕೇಳಿ ಕೇಳಿ ಹಾಕಿಸಿಕೊಂಡರು. ಅಮ್ಮ ಯಾರಿಗೂ ಗುಟ್ಟು ಬಿಟ್ಟುಕೊಡದೆ ಬೀಗುತ್ತ ಓಡಾಡಿದಳು.

ಆದರೆ ಸಕ್ಕರೆ ಇಳಿಯುವ ಬದಲು ಏರುತ್ತಲೇ ಹೋಯಿತು.

“ರಾತ್ರಿ ಕದ್ದು ಅನ್ನ ತಿಂತೀರಾ?” ಎಂದು ಡಾಕ್ಟರು ಗದರಿದರು.

“ಒಂದು ಅಗುಳೂ ಇಲ್ಲ ಡಾಕ್ಟ್ರೇ! ಬರೀ ಚಪಾತಿ. ಎಷ್ಟು ಮೆತ್ತಗುಂಟು ಗೊತ್ತುಂಟಾ?” ಎಂದರು ಅಪ್ಪ.

ಡಾಕ್ಟರ ಮನೆಯಲ್ಲೂ ಇದೇ ಕಷ್ಟವಿತ್ತೋ ಏನೋ, ಅಮ್ಮನ ಕಡೆ ತಿರುಗಿದರು. “ಹೌದಾ? ಹೇಗೆ ಮಾಡ್ತೀರಿ?”

ಡಾಕ್ಟರೇ ಗುಟ್ಟು ಕೇಳುವುದೆಂದರೆ! ಅಮ್ಮ ನಾಚಿದಳು.

“ಎಂತ ಇಲ್ಲ ಡಾಕ್ಟ್ರೇ. ಮೂರು ಸೌಟು ಕುಚ್ಚಲಕ್ಕಿ ಅನ್ನ ನುಣ್ಣಗೆ ರುಬ್ಬಿ ಹಿಟ್ಟಿಗೆ ಸೇರಿಸ್ತೇನೆ, ಅಷ್ಟೇ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಬಸ್ಸಿನಲ್ಲಿ ಅಮ್ಮ ಸೆರಗಿನೊಳಗೆ ಮುಖ ಮುಚ್ಚಿ ಅತ್ತಳು. “ಅಳ್ಬೇಡ ಮಾರಾಯ್ತಿ, ಇಷ್ಟು ದಿನ ಹೊಟ್ಟೆ ತುಂಬ ಉಂಡೆನಲ್ಲ,” ಎಂದರು ಅಪ್ಪ. ಅಂದು ರಾತ್ರಿಯಿಂದ ಹಳೆಯ ಗಟ್ಟಿ ಚಪಾತಿಯೇ ಬಂತು. ಅಪ್ಪ ಅದನ್ನು ಸಾರಿನಲ್ಲಿ ಅದ್ದಿ, ಕಟಕಟ ಅಗಿದು ತಿಂದರು. ಮತ್ತೆಂದೂ ಗಂಜಿಯ ಹೆಸರೆತ್ತಲಿಲ್ಲ. ಆ ಸದ್ದಿಗೆ ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅದು ಪ್ರೀತಿಯ ಸದ್ದೆಂದು ನಮಗೇನು ಗೊತ್ತು?

ಇವತ್ತು ನನ್ನ ಚಪಾತಿಯನ್ನು ಹೆಂಡತಿ ಬಹಳ ಹೊತ್ತು ಅಗಿದಳು. ನೀರು ಕುಡಿದಳು. ಮತ್ತೆ ಅಗಿದಳು. ನಾನು ಲಟ್ಟಣಿಗೆ ಹಿಡಿದು ತೀರ್ಪಿಗೆ ಕಾದು ನಿಂತಿದ್ದೆ. ಕೊನೆಗೆ ದವಡೆ ನೀವಿಕೊಳ್ಳುತ್ತ ಬಟ್ಟಲು ಮುಂದೆ ಚಾಚಿದಳು.

“ಇನ್ನೊಂದು ಹಾಕಿ ಮಾರಾಯ್ರೆ.”

ನನಗೆ ಕಣ್ಣು ತುಂಬಿ ಬಂತು. ಹಿಟ್ಟಿನ ಕೈಯಲ್ಲೇ ಒರೆಸಿಕೊಂಡೆ.